‘ವಿನ್ಯಾಸ’ವೋ ‘ಜಾಡೋ’: ಜೋಡಿ ಅಳತೆಗಳ ಪಾಠಕ್ಕೆ ಯಾವ ಪದ ಸಲ್ಲುತ್ತದೆ?

ಮಾನ್ಯರೇ,

ಮಂಡ್ಯ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಏಳು ಮತ್ತು ಎಂಟನೆಯ ತರಗತಿಗಳಿಗೆ ಗಣಿತ ಕಲಿಸುತ್ತಿದ್ದೇನೆ. ಎರಡು ಅಳತೆಗಳನ್ನು ಜೋಡಿಯಾಗಿ ಬರೆದುಕೊಂಡು, ಒಂದು ಹೆಚ್ಚಿದಾಗ ಇನ್ನೊಂದು ಏನಾಗುತ್ತದೆಂದು ನಕ್ಷೆಯ ಹಾಳೆಯ ಮೇಲೆ ನೋಡಿ ಹೇಳುವ ಪಾಠ ಬಂದಾಗಲೆಲ್ಲ, ‘ಪ್ಯಾಟರ್ನ್’ ಎಂಬುದಕ್ಕೆ ನಾವು ರೂಢಿಯಿಂದ ಬಳಸುವ ‘ವಿನ್ಯಾಸ’ ಎಂಬ ಪದ ಮಕ್ಕಳಿಗೆ ತೊಡಕಾಗುತ್ತದೆ. ಅವರ ಮಟ್ಟಿಗೆ ವಿನ್ಯಾಸವೆಂದರೆ ಸೀರೆಯ ಅಂಚಿನಲ್ಲಿ ಅಥವಾ ಚುಕ್ಕಿ ರಂಗೋಲಿಯಲ್ಲಿ ಇರುವಂಥದು, ಅಂದರೆ ಯಾರೋ ಬೇಕೆಂದೇ ಮಾಡಿದ್ದು ಮತ್ತು ಅಳತೆ ತಪ್ಪದೆ ಮರಳಿ ಮರಳಿ ಬರುವುದು. 2, 4, 8, 16 ಎಂಬಂಥ ಸಂಖ್ಯಾಶ್ರೇಣಿಗೆ ಈ ಅರ್ಥ ಒಗ್ಗುತ್ತದೆ. ಹೊಲದಿಂದಲೋ ಮಳೆಮಾಪಕದಿಂದಲೋ ಬಂದ ಅಳತೆಗಳಿಗೆ ಒಗ್ಗುವುದಿಲ್ಲ.

ಕಳೆದ ಹಂಗಾಮಿನಲ್ಲಿ ಹತ್ತಿರದ ಆಲೆಮನೆಯಿಂದ ಇಪ್ಪತ್ತನಾಲ್ಕು ಕಬ್ಬಿನ ಜಲ್ಲೆಗಳನ್ನು ತರಿಸಿ, ಪ್ರತಿಯೊಂದರ ಗೆಣ್ಣುಗಳನ್ನು ಎಣಿಸಿ, ಉದ್ದವನ್ನು ಅಂಗುಲಗಳಲ್ಲಿ ಅಳೆಯಲು ಮಕ್ಕಳಿಗೆ ಹೇಳಿದೆ. ಹದಿನಾರು ಗೆಣ್ಣಿನ ಜಲ್ಲೆ 64 ಅಂಗುಲವಿತ್ತು, ಇಪ್ಪತ್ತು ಗೆಣ್ಣಿನದು 83, ಇಪ್ಪತ್ತೆರಡರದು 86. ಬಿಂದುಗಳನ್ನು ಗುರುತಿಸಿದ ಮೇಲೆ “ವಿನ್ಯಾಸ ಕಾಣುತ್ತದೆಯೇ?” ಎಂದು ಕೇಳಿದರೆ, ಬಿಂದುಗಳು ಒಂದೇ ಗೆರೆಯ ಮೇಲೆ ಕೂರದ ಕಾರಣ ಇಡೀ ತರಗತಿ “ಇಲ್ಲ” ಎಂದಿತು. ಹಿಂದಿನ ಸಾಲಿನ ಹುಡುಗನೊಬ್ಬ ಮಾತ್ರ ಎದ್ದು ನಿಂತು, “ಎಲ್ಲಾವು ಒಂದೇ ಜಾಡಲ್ಲಿ ಹೋಯ್ತವೆ ಸಾ, ಇದೊಂದು ಮಾತ್ರ ಜಾಡು ಬುಟ್ಟದೆ” ಎಂದು ಹಾಳೆಯ ಕೆಳಮೂಲೆಯ ಬಿಂದುವೊಂದನ್ನು ತೋರಿಸಿದ. ಅದು ಇಪ್ಪತ್ಮೂರು ಗೆಣ್ಣಿದ್ದೂ 51 ಅಂಗುಲವಷ್ಟೇ ಬೆಳೆದಿದ್ದ ಜಲ್ಲೆ. ನಾಲೆಯ ಕೊನೆಯ ಭಾಗದ ಗದ್ದೆಯಿಂದ ಬಂದದ್ದೆಂದು ಆಮೇಲೆ ತಿಳಿಯಿತು. ನೀರು ಸಾಲದ ಕಬ್ಬಿನಲ್ಲಿ ಗೆಣ್ಣುಗಳ ನಡುವಿನ ಅಂತರ ಕುಗ್ಗುತ್ತದೆಂಬುದನ್ನು ನಾನು ಹೇಳುವ ಮೊದಲೇ ಮಕ್ಕಳು ಹೇಳಿದರು.

ಅಂದಿನಿಂದ ‘ಜಾಡು’ ನನ್ನ ತಲೆಯಲ್ಲಿ ಉಳಿದಿದೆ. ಬಂಡಿಜಾಡಿಗೆ ಒಂದು ಅಗಲವಿರುತ್ತದೆ, ಗಾಲಿ ಪ್ರತಿ ಸಲವೂ ಕೂದಲೆಳೆಯಷ್ಟೂ ತಪ್ಪದೆ ಅದೇ ಜಾಗದಲ್ಲಿ ಉರುಳಬೇಕಿಲ್ಲ, ಆದರೂ ಬಂಡಿ ಯಾವ ಕಡೆಗೆ ಹೋಯಿತೆಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಚದುರಿದ ಬಿಂದುಗಳಲ್ಲಿ ಮಕ್ಕಳು ಕಾಣಬೇಕಾದದ್ದು ಇದನ್ನೇ. ಜಾಡು ಸೊಟ್ಟಗೂ ಇರಬಹುದು ಎಂಬುದು ಇನ್ನೊಂದು ಅನುಕೂಲ.

ಸೊಟ್ಟ ಜಾಡಿನ ಮಾತು ಬಂದದ್ದರಿಂದ ‘ನೇರ ಅನುಪಾತ’ದ, ಅಂದರೆ ಒಂದು ಅಳತೆ ಇಮ್ಮಡಿಯಾದರೆ ಇನ್ನೊಂದೂ ಇಮ್ಮಡಿಯಾಗುವ ಸಂಬಂಧದ, ತೊಂದರೆಯನ್ನೂ ಹೇಳಬೇಕು. ಈ ಪದವನ್ನು ಕಲಿತ ಮಕ್ಕಳು ಜೊತೆಯಾಗಿ ಏರುವ ಯಾವ ಎರಡು ಅಳತೆಗಳನ್ನು ಕಂಡರೂ ನೇರ ಅನುಪಾತವೆಂದು ಬರೆದುಬಿಡುತ್ತಾರೆ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಮತ್ತು ಸಂಗ್ರಹ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ದಿನವೂ ಬರುವ ಜೋಡಿ ಅಂಕಿಗಳು. ಗರಿಷ್ಠ ಮಟ್ಟ 124.80 ಅಡಿ, ಆಗಿನ ಸಂಗ್ರಹ 49.45 ಟಿಎಂಸಿ. ಮಟ್ಟ ಏರಿದರೆ ಸಂಗ್ರಹವೂ ಏರುತ್ತದೆ, ನಿಜ. ಆದರೆ ಮಟ್ಟ ಅರ್ಧಕ್ಕೆ, ಅಂದರೆ 62.40 ಅಡಿಗೆ ಇಳಿದಾಗ ಅರ್ಧ ನೀರು ಉಳಿದಿರುವುದಿಲ್ಲ, ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಕಣಿವೆ ತಳದಲ್ಲಿ ಕಿರಿದಾಗಿ ಮೇಲೆ ಹರಡಿಕೊಂಡಿರುವುದರಿಂದ ಮೇಲಿನ ಒಂದು ಅಡಿ ಹಿಡಿಯುವಷ್ಟು ನೀರನ್ನು ಕೆಳಗಿನ ಒಂದು ಅಡಿ ಹಿಡಿಯಲಾರದು. ನಕ್ಷೆ ಬಾಗುತ್ತದೆ. ಎರಡು ಅಳತೆಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಬದಲಾಗುತ್ತವೆಂಬುದಕ್ಕೆ ಪದವಿಪೂರ್ವ ತರಗತಿಯಲ್ಲಿ ಬಳಸುವ ‘ಸಹಸಂಬಂಧ’ವನ್ನು ಇಲ್ಲಿಗೆ ತರಬಹುದಾದರೂ, ಹನ್ನೆರಡರ ವಯಸ್ಸಿಗೆ ಅದು ಭಾರವಾದ ಪದವೆಂದು ನನ್ನ ಎಣಿಕೆ.

‘ವೇರಿಯಬಲ್’, ಅಂದರೆ ಬೆಲೆ ಬದಲಾಗುವ ಅಳತೆ, ಎಂಬುದಕ್ಕೆ ಬಳಸುವ ‘ಚರಾಕ್ಷರ’ದ ಪಾಡೂ ಇದೇ. ಬೀಜಗಣಿತದಲ್ಲಿ ಅದು x, y ಎಂಬ ಅಕ್ಷರವೇ ಆಗಿರುವುದರಿಂದ ಹೊಂದುತ್ತದೆ, ಗೆಣ್ಣಿನ ಸಂಖ್ಯೆಯನ್ನು ಚರಾಕ್ಷರವೆಂದಾಗ “ಇದರಲ್ಲಿ ಅಕ್ಷರ ಎಲ್ಲದೆ ಸಾ?” ಎಂದು ಕೇಳಿದ ಹುಡುಗಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅರ್ಥಶಾಸ್ತ್ರದವರ ‘ಚಲಕ’ ಇದಕ್ಕಿಂತ ವಾಸಿ, ಬರಿಯ ‘ಚರ’ ಇನ್ನೂ ವಾಸಿ.

ಬಲ್ಲವರಲ್ಲಿ ನನ್ನ ಪ್ರಶ್ನೆ ಹೀಗಿದೆ. ದಾರಿ, ಹೆಜ್ಜೆಗುರುತು ಎಂಬ ಅರ್ಥದಲ್ಲಿ ‘ಜಾಡು’ ಹಳೆಯ ಮೈಸೂರಿನಾಚೆಯೂ ಮಕ್ಕಳ ಬಾಯಲ್ಲಿ ಬಳಕೆಯಲ್ಲಿದೆಯೇ? ಉತ್ತರ ಕರ್ನಾಟಕದಲ್ಲಿ ಜಾಡರೆಂದರೆ ನೇಕಾರರಾದ್ದರಿಂದ ಅಲ್ಲಿಯ ತರಗತಿಯಲ್ಲಿ ಈ ಪದ ಬೇರೆ ನೆನಪನ್ನು ತರಬಹುದೇ? ಬಿಂದುಗಳ ನಡುವೆ ಕಣ್ಣಂದಾಜಿನಲ್ಲಿ ಎಳೆಯುವ ಗೆರೆಯನ್ನು ಈಗ ನಮ್ಮ ತರಗತಿಯಲ್ಲಿ ‘ಜಾಡುಗೆರೆ’ ಎನ್ನುತ್ತಿದ್ದೇವೆ. ಗೆರೆಯಿಂದ ದೂರ ಬಿದ್ದ ಬಿಂದುವಿಗೆ ‘ಜಾಡು ಬಿಟ್ಟದ್ದು’ ಎಂಬುದಕ್ಕಿಂತ ಚಿಕ್ಕದಾದ, ಪರೀಕ್ಷೆಯ ಉತ್ತರದಲ್ಲಿ ಬರೆದರೂ ಸಲ್ಲುವ ಒಂದು ನಾಮಪದ ಬೇಕಾಗಿದೆ.