ಯುದ್ಧನೌಕೆಯ ‘ವಾಚ್’ಗೆ ಕನ್ನಡದಲ್ಲಿ ಏನನ್ನೋಣ?

ನನ್ನ ಸೋದರಮಾವ ಹಳೆಯ ಐಎನ್‌ಎಸ್ ಮೈಸೂರಿನ ಬಾಯ್ಲರ್ ರೂಮಿನಲ್ಲಿ ದುಡಿದವರು. 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿ 1985ರಲ್ಲಿ ನಿವೃತ್ತಿಯಾದ ಕ್ರೂಸರ್ ಜಾತಿಯ ಯುದ್ಧನೌಕೆ ಅದು. ಈಗಿರುವ ಮೈಸೂರು ಬೇರೆ, ಅದು 1999ರದ್ದು. ಅವರು ನೆನಪು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಯುದ್ಧದ ಮಾತು ಕಡಿಮೆ. ಮಲಗಿದ್ದು, ಎದ್ದದ್ದು, ಉಂಡದ್ದು, ಕೆಲಸಕ್ಕೆ ಇಳಿದದ್ದು, ಇದೇ ಜಾಸ್ತಿ. ಪದಗಳು ಕೈಕೊಡುವುದೂ ಇಲ್ಲೇ.

ದೊಡ್ಡ ತೊಡಕು ‘ವಾಚ್’, ಅಂದರೆ ಹಡಗಿನಲ್ಲಿ ಸರದಿಯ ಮೇಲೆ ಮಾಡುವ ಕೆಲಸದ ಹೊತ್ತು. ರಾತ್ರಿ 8ರಿಂದ 12 ಫಸ್ಟ್ ವಾಚ್, 12ರಿಂದ 4 ಮಿಡಲ್ ವಾಚ್, 4ರಿಂದ 8 ಮಾರ್ನಿಂಗ್ ವಾಚ್, ಹೀಗೆ ದಿನವಿಡೀ ನಾಲ್ಕು ನಾಲ್ಕು ಗಂಟೆ. ಸಂಜೆ 4ರಿಂದ 8ರ ಹೊತ್ತನ್ನು ಮಾತ್ರ ಎರಡೆರಡು ಗಂಟೆಯ ಎರಡು ‘ಡಾಗ್ ವಾಚ್’ ಮಾಡಿದ್ದಾರೆ. ಹಾಗಾಗಿ ದಿನಕ್ಕೆ ಏಳು ವಾಚ್. ಏಳನ್ನು ಎರಡರಿಂದಲೂ ಮೂರರಿಂದಲೂ ಸರಿಯಾಗಿ ಭಾಗಿಸಲು ಆಗುವುದಿಲ್ಲ, ಅಲ್ವಾ? ಅದೇ ಉಪಾಯ. ತಂಡ ಎರಡಿರಲಿ ಮೂರಿರಲಿ, ನಡುರಾತ್ರಿಯ ಕೆಲಸ ದಿನಾ ಒಂದೇ ತಂಡದ ತಲೆಗೆ ಬರುವುದಿಲ್ಲ.

ವಾಚ್ ಅಂದರೆ ಆ ಹೊತ್ತೂ ಹೌದು, ಆ ಹೊತ್ತಿನ ತಂಡವೂ ಹೌದು, ಎಚ್ಚರವಾಗಿ ನೋಡಿಕೊಳ್ಳುವ ಕೆಲಸವೂ ಹೌದು. ‘ಪಾಳಿ’ ಅಂದರೆ ತಕ್ಷಣ ಕಾರ್ಖಾನೆ ಕಣ್ಣಿಗೆ ಬರುತ್ತದೆ. ಪಾಳಿ ಮುಗಿದವನು ಮನೆಗೆ ಹೋಗುತ್ತಾನೆ, ಹಡಗಿನವನು ಎಲ್ಲಿಗೆ ಹೋಗಬೇಕು? ‘ಪಹರೆ’, ‘ಕಾವಲು’ ಅಂದರೆ ಹೊರಗಿನವರನ್ನು ತಡೆಯುವ ಕೆಲಸ. ಮಾವ ನೋಡುತ್ತಿದ್ದದ್ದು ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನು. ಹಡಗು ಹೊಯ್ದಾಡಿದರೆ ಕೊಳವೆಯ ನೀರೂ ಏರಿಳಿಯುತ್ತದೆ. ಅದು ಬರೀ ಅಲೆಯ ಹೊಯ್ದಾಟವೋ, ಒಳಗೆ ನಿಜವಾಗಿ ನೀರು ಕಡಿಮೆಯಾಗಿದೆಯೋ ಗೊತ್ತಾಗಬೇಕು. ನೀರು ತೀರಾ ಇಳಿದರೆ ಬಾಯ್ಲರಿನ ಟ್ಯೂಬುಗಳು ಸುಟ್ಟುಹೋಗುತ್ತವೆ. ತೀರಾ ಏರಿದರೆ ಹಬೆಯ ಜೊತೆ ನೀರೂ ಹೋಗಿ ಟರ್ಬೈನ್ ಹಾಳಾಗುತ್ತದೆ. ಆ ಕಾವಿನಲ್ಲಿ ನಾಲ್ಕು ಗಂಟೆ ಕಣ್ಣು ಕೀಳದೆ ನಿಲ್ಲಬೇಕು. ‘ಬಾಯ್ಲರ್ ಕಾದೆ’ ಅಂತ ಮಾವ ಸಲೀಸಾಗಿ ಹೇಳುತ್ತಾರೆ. ಆ ಕ್ರಿಯಾಪದವನ್ನು ಹಾಗೇ ಉಳಿಸಿಕೊಂಡಿದ್ದೇನೆ. ಬೇಕಿರುವುದು ನಾಮಪದ.

ನನ್ನ ಒಲವು ‘ಜಾವ’ದ ಕಡೆಗೆ. ಮಿಡಲ್ ವಾಚ್‌ಗೆ ‘ನಡುಜಾವ’ ಎಂದರೆ ಓದುವವರಿಗೆ ನಿದ್ದೆಗೆಟ್ಟ ಕಣ್ಣಿನ ಉರಿ ಸಹಿತ ತಿಳಿಯುತ್ತದೆ. ಲೆಕ್ಕ ಕೂಡುವುದಿಲ್ಲ ಅನ್ನುವುದು ಗೊತ್ತು. ಜಾವಕ್ಕೆ ಮೂರು ಗಂಟೆ, ದಿನಕ್ಕೆ ಎಂಟು ಜಾವ. ಆದರೆ ಬೆಳಗಿನ ಜಾವ ಎದ್ದೆ ಅನ್ನುವಾಗ ಯಾರು ಗಂಟೆ ಎಣಿಸುತ್ತಾರೆ? ನನಗೆ ಅನುಮಾನ ಇರುವುದು ಹಗಲಿನ ಬಗ್ಗೆ. ಹಳೆಯ ಲೆಕ್ಕದಲ್ಲಿ ಹಗಲಿಗೂ ನಾಲ್ಕು ಜಾವ ಇತ್ತು. ಈಗಿನ ಕಿವಿಗೆ ಜಾವ ಅಂದರೆ ಕತ್ತಲೆಯೇ. ‘ಮಧ್ಯಾಹ್ನದ ಜಾವ’ ಅಂದರೆ ಒಪ್ಪುತ್ತೀರಾ? ತಂಡಕ್ಕೆ ಬೇಕಾದರೆ ‘ಪಾಳಿಯವರು’ ಅನ್ನಬಹುದು. ಒಂದು ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಎರಡು ಬಂದರೆ ತಪ್ಪೇನಿಲ್ಲ.

‘ಹ್ಯಾಮಕ್’ ಸುಲಭವಾಗಿ ಬಗೆಹರಿಯಿತು. ಹಳೆಯ ಮೈಸೂರು ಮೊದಲು ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ ಆಗಿತ್ತು, ಮಲಗುವ ರೀತಿಯೂ ಅವರದೇ. ಉಂಡ ಮೇಜಿನ ಮೇಲುಗಡೆಯೇ ಕೊಕ್ಕೆಗೆ ಕ್ಯಾನ್ವಾಸ್ ಕಟ್ಟಿ ಮಲಗುವುದು. ಬೆಳಿಗ್ಗೆ ಸೀಟಿ ಕೇಳಿದ ಕೂಡಲೇ ಸುರುಳಿ ಸುತ್ತಿ, ಹಗ್ಗ ಬಿಗಿದು, ಎತ್ತಿಡುವುದು. ನಿಘಂಟಿನ ‘ತೂಗುಮಂಚ’ ಇಲ್ಲಿಗೆ ಸಲ್ಲ, ಅದು ಹಲಗೆಯದು. ಮಾವ ‘ಜೋಲಿ’ ಅಂದರು. ಮಗುವಿನ ಜೋಲಿ ನೋಡಿದ ಯಾರಿಗೂ ವಿವರಿಸಬೇಕಿಲ್ಲ. ಲಂಗರು, ಚುಕ್ಕಾಣಿ ನಮ್ಮಲ್ಲಿ ಇದ್ದೇ ಇವೆ. ಗ್ಯಾಲಿಗೆ ಅಡುಗೆಮನೆ ಸಾಕು. ‘ಡೆಕ್’ ಅನ್ನು ಹಾಗೇ ಬಿಟ್ಟಿದ್ದೇನೆ. ‘ಅಂತಸ್ತು’ ಅಂತ ಬರೆದರೆ ಅಪಾರ್ಟ್‌ಮೆಂಟ್ ಆಗಿಬಿಡುತ್ತದೆ.

ಕಾರವಾರ, ಹೊನ್ನಾವರ, ಮಲ್ಪೆ, ಮಂಗಳೂರಿನ ಕಡೆಯವರಿಗೆ ಮುಖ್ಯವಾಗಿ ಕೇಳುತ್ತಿದ್ದೇನೆ. ದಿನಗಟ್ಟಲೆ ಆಳಸಮುದ್ರದಲ್ಲಿ ಇರುವ ಮೀನುಗಾರಿಕೆ ಬೋಟುಗಳಲ್ಲಿ, ಬೋಟು ನಡೆಸುವ ತಾಂಡೇಲ ಮಲಗಿದಾಗ ಇನ್ನೊಬ್ಬ ಚುಕ್ಕಾಣಿ ಹಿಡಿಯುವ ಆ ಸರದಿಗೆ ನಿಮ್ಮಲ್ಲಿ ಏನನ್ನುತ್ತಾರೆ? ಕನ್ನಡ, ತುಳು, ಕೊಂಕಣಿ, ಯಾವುದಾದರೂ ಸರಿ, ಬಾಯಲ್ಲಿ ಆಡುವ ಮಾತೇ ಬೇಕು. ಎರಡು ಗಂಟೆಯ ಡಾಗ್ ವಾಚ್‌ಗೆ ಸದ್ಯ ‘ಅರೆಜಾವ’ ಅಂತ ಬರೆದಿಟ್ಟಿದ್ದೇನೆ. ಓದಿದರೆ ಸಹಜ ಅನ್ನಿಸುತ್ತದೆಯೇ, ಅದನ್ನೂ ತಿಳಿಸಿ.