ಪದಚರ್ಚೆ: ಕಿಟಕಿಯ ‘ಅಲಂಕಾರ’, ‘ಸೂಚನೆ’, ‘ಶೈಲಿ’, ‘ಪಾರದರ್ಶಕತೆ’

ಮಾನ್ಯರೇ,

ಪೈಥಾನ್ ಭಾಷೆಯ ಮೊದಲ ಪಾಠಗಳನ್ನು ಮುಗಿಸಿದ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ, ಡೆಸ್ಕ್‌ಟಾಪ್ ಪ್ರೋಗ್ರಾಮುಗಳನ್ನು ಬರೆಯುವ ಬಗೆಯನ್ನು ಕನ್ನಡದಲ್ಲಿ ವಿವರಿಸುವ ಪಾಠಗಳನ್ನು ಸಿದ್ಧಪಡಿಸುತ್ತಿದ್ದೇನೆ. ಗುಂಡಿ, ಪಟ್ಟಿ, ಮೆನು ಇವುಗಳ ಮಟ್ಟಿಗೆ ಪದಗಳು ಸಲೀಸಾಗಿ ಒದಗಿದವು. ಆದರೆ ಕಿಟಕಿಯೊಂದು ಪರದೆಯ ಮೇಲೆ ಹೇಗೆ ಕಾಣಿಸಿಕೊಳ್ಳಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬ ಅಧ್ಯಾಯಕ್ಕೆ ಬಂದಾಗ, ಈಗಾಗಲೇ ಬಳಕೆಗೆ ಬಂದಿರುವ ಕೆಲವು ಪದಗಳು ಓದುಗನನ್ನು ತಪ್ಪು ತಿಳಿವಳಿಕೆಯ ಕಡೆಗೆ ಒಯ್ಯುತ್ತವೆ ಎನ್ನಿಸಿತು. ಅವುಗಳ ಬಗ್ಗೆ ತಮ್ಮೆಲ್ಲರ ಅಭಿಪ್ರಾಯವನ್ನು ಕೇಳಲು ಈ ಪತ್ರ.

‘ಕಿಟಕಿ’ ಮತ್ತು ‘ವಿಂಡೋ’ ಎರಡೂ ಕನ್ನಡದಲ್ಲಿ ನಡೆಯುತ್ತವೆ. ನಾನು ‘ಕಿಟಕಿ’ಯನ್ನೇ ಆರಿಸಿಕೊಂಡಿದ್ದೇನೆ, ವಿಂಡೋಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಹೆಸರಿನೊಡನೆ ಗೊಂದಲವಾಗುವುದಿಲ್ಲ, ವಿಭಕ್ತಿ ಪ್ರತ್ಯಯಗಳೂ ಸುಲಭವಾಗಿ ಹತ್ತುತ್ತವೆ.

ನನ್ನನ್ನು ಹೆಚ್ಚು ಕಾಡಿದ ಪದವೆಂದರೆ ‘ಹಿಂಟ್’. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಆರಂಭವಾಗಿ, 1987ರಲ್ಲಿ ಹನ್ನೊಂದನೆಯ ಆವೃತ್ತಿಯನ್ನು ತಲುಪಿದ, ಲಿನಕ್ಸ್ ಮುಂತಾದ ವ್ಯವಸ್ಥೆಗಳಲ್ಲಿ ಕಿಟಕಿಗಳನ್ನು ಪರದೆಯ ಮೇಲೆ ತೋರಿಸುವ ಎಕ್ಸ್ ವಿಂಡೋ ಸಿಸ್ಟಮ್‌ನಲ್ಲಿ ಕಿಟಕಿಗಳ ಅಂಚು, ಶೀರ್ಷಿಕೆಪಟ್ಟಿ, ಅವುಗಳನ್ನು ಇಡುವ ಜಾಗ ಇವು ಯಾವುವೂ ಪರದೆಯ ಮೇಲೆ ಚಿತ್ರಿಸುವ ಪ್ರೋಗ್ರಾಮಾದ ಸರ್ವರ್‌ನ ಹೊಣೆಯಲ್ಲ. ಅದಕ್ಕೆಂದೇ ಕಿಟಕಿ ವ್ಯವಸ್ಥಾಪಕ ಎಂಬ ಬೇರೊಂದು ಪ್ರೋಗ್ರಾಮ್ ಇರುತ್ತದೆ. ನಮ್ಮ ಪ್ರೋಗ್ರಾಮು ತನಗೆ ಬೇಕಾದ ಕನಿಷ್ಠ ಅಗಲ, ಕನಿಷ್ಠ ಎತ್ತರ, ಹಿಗ್ಗುವ ಪ್ರಮಾಣ ಮುಂತಾದುವನ್ನು ಕಿಟಕಿಯ ಗುಣಗಳಾಗಿ ಬರೆದಿಡುತ್ತದೆ, ವ್ಯವಸ್ಥಾಪಕವು ಅವನ್ನು ಓದಿ ತನಗೆ ಸರಿಕಂಡಂತೆ ನಡೆಸುತ್ತದೆ. ಹೀಗೆ ಬರೆದಿಟ್ಟದ್ದೇ ಹಿಂಟ್. ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಪ್ರೋಗ್ರಾಮಿನ ಕಿಟಕಿಯ ಅಂಚನ್ನು ಹಿಡಿದು ಎಳೆದಾಗ ಅದು ನಯವಾಗಿ ಹಿಗ್ಗದೆ ಒಂದೊಂದು ಅಕ್ಷರದ ಅಗಲದಷ್ಟೇ ಹಿಗ್ಗುವುದನ್ನು ಕಂಡವರಿದ್ದೀರಿ; ಅದು ಇಂಥದೊಂದು ಹಿಂಟ್‌ನ ಫಲ. ಕಿಟಕಿಗಳನ್ನು ಹೆಂಚಿನಂತೆ ಪಕ್ಕಪಕ್ಕದಲ್ಲಿ ಜೋಡಿಸುವ ಟೈಲಿಂಗ್ ಮಾದರಿಯ ವ್ಯವಸ್ಥಾಪಕವಿದ್ದರೆ, ಇದೇ ಹಿಂಟ್ ಪೂರಾ ಬದಿಗೆ ಸರಿಯಬಹುದು.

ಇದನ್ನು ‘ಸೂಚನೆ’ ಎಂದು ಬರೆಯುವುದು ರೂಢಿ. ಆದರೆ ನಮ್ಮ ಕಚೇರಿಗಳ ಮತ್ತು ಪತ್ರಿಕೆಗಳ ಕನ್ನಡದಲ್ಲಿ ಸೂಚನೆಯೆಂದರೆ ಬಹುಮಟ್ಟಿಗೆ ಆದೇಶವೇ. ‘ಜಿಲ್ಲಾಧಿಕಾರಿಗಳು ತಹಶೀಲ್ದಾರರಿಗೆ ಸೂಚನೆ ನೀಡಿದರು’ ಎಂಬ ವಾಕ್ಯವನ್ನು ಓದಿದ ಯಾರೂ ತಹಶೀಲ್ದಾರರು ಅದನ್ನು ಪಾಲಿಸದೆಯೂ ಇರಬಹುದೆಂದು ಭಾವಿಸುವುದಿಲ್ಲ. ‘ಕಿಟಕಿಗೆ ಗಾತ್ರದ ಸೂಚನೆ ಕೊಡಿ’ ಎಂದು ಪಾಠದಲ್ಲಿ ಓದಿದ ವಿದ್ಯಾರ್ಥಿ, ಅದು ಈಡೇರದಿದ್ದಾಗ ತನ್ನ ಕೋಡ್‌ನಲ್ಲೇ ದೋಷವಿದೆಯೆಂದು ಹುಡುಕುತ್ತ ಕೂರುತ್ತಾನೆ. ‘ಸುಳಿವು’ ಎಂದರೆ ಬಚ್ಚಿಟ್ಟದ್ದೊಂದರ ಕುರುಹು ಎಂಬ ಅರ್ಥ ಮುಂದೆ ಬಂದು ನಿಲ್ಲುತ್ತದೆ. ಇಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ. ‘ಕೋರಿಕೆ’ ಎಂಬುದೇ ತಕ್ಕ ಪದವೆಂದು ನನ್ನ ಅಭಿಪ್ರಾಯ. ಕೋರಿಕೆಯನ್ನು ಮನ್ನಿಸಬಹುದು, ಮನ್ನಿಸದೆಯೂ ಇರಬಹುದು, ಮತ್ತು ಮನ್ನಿಸುವ ಅಧಿಕಾರ ಕೋರಿದವನ ಕೈಯಲ್ಲಿಲ್ಲ ಎಂಬುದು ಆ ಪದದಲ್ಲಿಯೇ ಇದೆ. ವೆಬ್ ಸರ್ವರ್‌ಗೆ ಬ್ರೌಸರ್ ಕಳಿಸುವುದನ್ನೂ ಕೆಲವರು ಕೋರಿಕೆ ಎನ್ನುತ್ತಾರೆಂಬ ಆಕ್ಷೇಪ ಬರಬಹುದು. ಅದಕ್ಕೆ ‘ವಿನಂತಿ’ಯನ್ನು ಬಿಟ್ಟುಕೊಟ್ಟರೆ ತೊಡಕಿರದು.

ಎರಡನೆಯದು ‘ಡೆಕೊರೇಶನ್’. ಶೀರ್ಷಿಕೆಪಟ್ಟಿ, ಅಂಚುಗಳು, ಮುಚ್ಚುವ ಹಾಗೂ ಕಿರಿದಾಗಿಸುವ ಗುಂಡಿಗಳು ಇವೆಲ್ಲ ಸೇರಿ ಡೆಕೊರೇಶನ್. ‘ಅಲಂಕಾರ’ ಎಂದೊಡನೆ ಇದ್ದರೂ ನಡೆದೀತು, ಇಲ್ಲದಿದ್ದರೂ ನಡೆದೀತು ಎಂಬ ಭಾವನೆ ಮೂಡುತ್ತದೆ. ಹಾಗಲ್ಲವೆಂಬುದನ್ನು, ಟಿಕೆ ಎಂಬ ಕಿಟಕಿ ರಚನೆಯ ಸಲಕರಣೆಯನ್ನು ಪೈಥಾನ್‌ನಿಂದ ಬಳಸಲು ಇರುವ ಟಿಕೆಇಂಟರ್‌ನಲ್ಲಿ ನಾಲ್ಕು ಸಾಲು ಬರೆದು ನೋಡಬಹುದು. ಕಿಟಕಿಯೊಂದನ್ನು ಸೃಷ್ಟಿಸಿ, ಅದಕ್ಕೆ ‘ಓವರ್‌ರೈಡ್‌ರಿಡೈರೆಕ್ಟ್’ ವಿಧಾನವನ್ನು ‘ಟ್ರೂ’ ಮೌಲ್ಯದೊಡನೆ ಕರೆದರೆ ಶೀರ್ಷಿಕೆಪಟ್ಟಿ ಮಾಯವಾಗುತ್ತದೆ. ಅದರೊಡನೆ ಕಿಟಕಿಯನ್ನು ಮೌಸಿನಿಂದ ಹಿಡಿದೆಳೆಯುವ ಜಾಗವೂ ಹೋಗುತ್ತದೆ, ಮುಚ್ಚುವ ಗುಂಡಿಯೂ ಹೋಗುತ್ತದೆ, ಸಾಮಾನ್ಯವಾಗಿ ಟಾಸ್ಕ್‌ಬಾರಿನಲ್ಲಿ ಅದರ ಹೆಸರೂ ಕಾಣುವುದಿಲ್ಲ. ಆ ವಿಧಾನದ ಹೆಸರು ಹೇಳುವುದೂ ಅದನ್ನೇ: ವ್ಯವಸ್ಥಾಪಕದ ಕಡೆಗೆ ಹೋಗಬೇಕಾದದ್ದನ್ನು ಹೋಗಗೊಡದೆ, ಕಿಟಕಿಯನ್ನು ಅದರ ಆಡಳಿತದಿಂದಲೇ ಹೊರಗಿಡುವುದು. ತೆಗೆದದ್ದು ಅಲಂಕಾರವಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಆದ್ದರಿಂದ ‘ಚೌಕಟ್ಟು’ ಎನ್ನೋಣವೆಂಬುದು ನನ್ನ ಸಲಹೆ. ಎಕ್ಸ್‌ನಲ್ಲಿ ಬಹುಪಾಲು ವ್ಯವಸ್ಥಾಪಕಗಳು ತಮ್ಮದೇ ಆದ, ತುಸು ದೊಡ್ಡದಾದ ಕಿಟಕಿಯೊಂದನ್ನು ಮಾಡಿಕೊಂಡು ಪ್ರೋಗ್ರಾಮಿನ ಕಿಟಕಿಯನ್ನು ಅದರೊಳಗೆ ಕೂರಿಸುವುದರಿಂದ, ಫೋಟೋಕ್ಕೆ ಕಟ್ಟು ಹಾಕಿಸುವ ಕೆಲಸಕ್ಕೂ ಇದಕ್ಕೂ ನಿಜವಾದ ಹೋಲಿಕೆಯಿದೆ. ಎಕ್ಸ್‌ನ ಜಾಗಕ್ಕೆ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆ ಬಂದ ಮೇಲೆ ಈ ಪದದ ಪ್ರಯೋಜನ ಇನ್ನೂ ಹೆಚ್ಚಿದೆ. ಕೆಡಿಇ ಎಂಬ ಡೆಸ್ಕ್‌ಟಾಪ್ ಪರಿಸರದ ಕೆವಿನ್ ವ್ಯವಸ್ಥಾಪಕವು ಕೇಳಿದ ಪ್ರೋಗ್ರಾಮಿಗೆ ತಾನೇ ಚೌಕಟ್ಟನ್ನು ಹಾಕಿಕೊಡುತ್ತದೆ. ಗ್ನೋಮ್ ಎಂಬ ಇನ್ನೊಂದು ಪರಿಸರದ ವ್ಯವಸ್ಥಾಪಕವಾದ ಮಟರ್ ವೇಲ್ಯಾಂಡ್ ಪ್ರೋಗ್ರಾಮುಗಳಿಗೆ ಹಾಗೆ ಹಾಕಿಕೊಡುವುದಿಲ್ಲ, ಅಲ್ಲಿ ಪ್ರೋಗ್ರಾಮೇ ತನ್ನ ಚೌಕಟ್ಟನ್ನು ಬರೆದುಕೊಳ್ಳಬೇಕು. 2013ರಲ್ಲಿ ಗ್ನೋಮ್ ಬಳಸುವ ಜಿಟಿಕೆ ಎಂಬ ಸಲಕರಣೆಯ 3.10ನೆಯ ಆವೃತ್ತಿಯೊಡನೆ ಬಂದ ಹೆಡರ್‌ಬಾರ್ ಶೀರ್ಷಿಕೆಪಟ್ಟಿಯೊಳಗೇ ಪ್ರೋಗ್ರಾಮಿನ ಗುಂಡಿಗಳನ್ನು ಇಡಲು ಅವಕಾಶ ಕೊಟ್ಟದ್ದು ಈ ದಾರಿಯಲ್ಲಿಯೇ. ಈ ಎರಡು ಪದ್ಧತಿಗಳನ್ನು ‘ಸರ್ವರ್ ಬದಿಯ ಅಲಂಕಾರ’, ‘ಕ್ಲೈಂಟ್ ಬದಿಯ ಅಲಂಕಾರ’ ಎಂದು ಅಕ್ಷರಶಃ ಇಳಿಸಿದರೆ, ಸರ್ವರ್ ಎಂದರೆ ದೂರದಲ್ಲೆಲ್ಲೋ ಇರುವ ಯಂತ್ರವೆಂದು ತಿಳಿದಿರುವ ಇಂದಿನ ಓದುಗನಿಗೆ ಏನೂ ಹೊಳೆಯುವುದಿಲ್ಲ. ‘ವ್ಯವಸ್ಥಾಪಕದ ಚೌಕಟ್ಟು’, ‘ಪ್ರೋಗ್ರಾಮಿನ ಸ್ವಂತ ಚೌಕಟ್ಟು’ ಎಂದರೆ ಯಾರದು ಯಾವುದೆಂದು ಒಡನೆಯೇ ತಿಳಿಯುತ್ತದೆ.

‘ಸ್ಟೈಲ್’ ಬಗ್ಗೆ ನನಗೆ ಅಷ್ಟು ನಿಶ್ಚಯವಿಲ್ಲ. ಕ್ಯೂಟಿ ಎಂಬ ಇನ್ನೊಂದು ಸಲಕರಣೆಯಲ್ಲಿ ಸ್ಟೈಲ್ ಎಂದರೆ ಗುಂಡಿ ಮುಂತಾದುವುಗಳನ್ನು ಚಿತ್ರಿಸುವ ರೀತಿ. ಅದಕ್ಕೆ ‘ಶೈಲಿ’ ಸರಿಯಾಗಿ ಹೊಂದುತ್ತದೆ. ಆದರೆ ವಿಂಡೋಸ್‌ಗೆ ಪ್ರೋಗ್ರಾಮು ಬರೆಯಲು ಬಳಸುವ ವಿನ್32ರಲ್ಲಿ ಕಿಟಕಿಯನ್ನು ಸೃಷ್ಟಿಸುವಾಗ ಕೊಡುವ ‘ವಿಂಡೋ ಸ್ಟೈಲ್’ ಎಂಬುದು ಕಿಟಕಿಗೆ ಶೀರ್ಷಿಕೆಪಟ್ಟಿ ಇರಬೇಕೇ, ಎಳೆಯಬಲ್ಲ ಅಂಚಿರಬೇಕೇ, ದೊಡ್ಡದಾಗಿಸುವ ಗುಂಡಿ ಇರಬೇಕೇ ಎಂದು ತಿಳಿಸುವ ಬಿಟ್‌ಗಳ ಗೊಂಚಲು. ಅದರಲ್ಲಿ ಬಣ್ಣದ ಮಾತಾಗಲಿ ಚಿತ್ರಣದ ಮಾತಾಗಲಿ ಇಲ್ಲ. ಇದಕ್ಕೆ ‘ಲಕ್ಷಣ’ ಎಂಬುದನ್ನು ಯೋಚಿಸಿದ್ದೇನೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಗುಣವೆಂಬ ಶಾಸ್ತ್ರದ ಅರ್ಥವೂ, ‘ಲಕ್ಷಣವಾಗಿದ್ದಾಳೆ’ ಎಂಬಲ್ಲಿನ ಚೆಲುವಿನ ಅರ್ಥವೂ ಅದಕ್ಕಿರುವುದು ಇಲ್ಲಿ ಅನುಕೂಲವೋ ಅಡ್ಡಿಯೋ ಎಂಬುದನ್ನು ಬಲ್ಲವರು ಹೇಳಬೇಕು. ‘ಥೀಮ್’ ಅನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ; ಮೊಬೈಲ್ ಬಳಸುವ ಎಲ್ಲರಿಗೂ ಅದು ಗೊತ್ತು.

ಕೊನೆಯದು ‘ಒಪ್ಯಾಸಿಟಿ’, ಎಂದರೆ ಕಿಟಕಿಯು ತನ್ನ ಹಿಂದಿನದನ್ನು ಎಷ್ಟು ಮರೆಮಾಡುತ್ತದೆಂಬುದರ ಅಳತೆ. ಇದನ್ನು ‘ಪಾರದರ್ಶಕತೆ’ ಎಂದು ಬರೆದರೆ ಅಂಕಿಯೇ ತಲೆಕೆಳಗಾಗುತ್ತದೆ. ಕ್ಯೂಟಿಯ ವಿಂಡೋ ಒಪ್ಯಾಸಿಟಿಯಲ್ಲಾಗಲಿ, ಟಿಕೆಯ ಆಲ್ಫಾದಲ್ಲಾಗಲಿ 1 ಎಂದರೆ ಹಿಂದಿನದೇನೂ ಕಾಣದಂಥ ಕಿಟಕಿ, 0 ಎಂದರೆ ತಾನೇ ಕಾಣದಂಥ ಕಿಟಕಿ. ‘ಅಪಾರದರ್ಶಕತೆ 0.8’ ಎಂಬುದು ತಪ್ಪಲ್ಲ, ಆದರೆ ನಿಷೇಧದ ಮೂಲಕ ಅರ್ಥಮಾಡಿಕೊಳ್ಳಬೇಕಾದ ಭಾರದ ಪದ. ‘ದಟ್ಟತೆ’ ಎಂದರೆ ಅಂಕಿ ಏರಿದಂತೆ ಅರ್ಥವೂ ಏರುತ್ತದೆ. ‘ಗೋಚರತೆ’ಯನ್ನು ಇಲ್ಲಿ ತರಬಾರದು, ದಟ್ಟತೆ ಸೊನ್ನೆಯಾದ ಕಿಟಕಿ ಕಣ್ಣಿಗೆ ಕಾಣದಿದ್ದರೂ ತೆರೆದೇ ಇರುತ್ತದೆ, ಟಿಕೆಯ ‘ವಿತ್‌ಡ್ರಾ’ದಿಂದ ಹಿಂತೆಗೆದ ಕಿಟಕಿಯಾದರೋ ಪರದೆಯಿಂದಲೇ ಹೊರಟುಹೋಗಿರುತ್ತದೆ. ಈ ಎರಡನೆಯದನ್ನು ಹೇಳಲು ‘ಗೋಚರ’, ‘ಅಗೋಚರ’ ಬೇಕಾಗುತ್ತವೆ.

ಕೋರಿಕೆ, ಚೌಕಟ್ಟು, ಲಕ್ಷಣ, ದಟ್ಟತೆ ಈ ನಾಲ್ಕರಲ್ಲಿ ಯಾವುದು ತಮ್ಮ ಕಿವಿಗೆ ಒಗ್ಗುವುದಿಲ್ಲವೋ ಅದನ್ನು ಕಾರಣಸಹಿತ ತಿಳಿಸಬೇಕೆಂದು ಬೇಡುತ್ತೇನೆ. ತಂತ್ರಾಂಶಗಳ ಕನ್ನಡ ಅನುವಾದದಲ್ಲಿ ತೊಡಗಿಕೊಂಡವರು, ‘ಸೂಚನೆ’ಯ ಬದಲು ಬೇರೆ ಪದವನ್ನು ಬಳಸಿ ನೋಡಿದ್ದರೆ, ಓದುಗರು ಅದನ್ನು ಹೇಗೆ ಸ್ವೀಕರಿಸಿದರೆಂಬುದನ್ನೂ ಬರೆಯಬೇಕು.