ಜರ್ಮನ್ ಜೋಡು ವಿಶೇಷಣ ಸಾಲಿನ ಕೊನೆಯಲ್ಲಿ ಒಡೆಯುತ್ತಿಲ್ಲ

ಪ್ರಬಂಧಕಾರ: ಜರ್ಮನಿಯ ವಿಶ್ವವಿದ್ಯಾಲಯಕ್ಕೆ ಲೇಟೆಕ್ ಎಂಬ ಅಚ್ಚುಜೋಡಣೆ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತಿರುವ ಪ್ರಬಂಧದಲ್ಲಿ ‘ನಟೂರ್‌ವಿಸ್ಸೆನ್‌ಶಾಫ್ಟ್‌ಲಿಖ್ ಟೆಖ್ನಿಶ್’ (ನಿಸರ್ಗವಿಜ್ಞಾನ ಮತ್ತು ತಂತ್ರಜ್ಞಾನಕ್ಕೆ ಸಂಬಂಧಿಸಿದ) ಎಂಬ ಜೋಡುಪದ ಪ್ರತಿ ಬಾರಿಯೂ ಪುಟದ ಅಂಚನ್ನು ದಾಟಿ ಹೋಗುತ್ತಿದೆ. ಭಾಷೆಯನ್ನು ಜರ್ಮನ್ ಎಂದೇ ಸೂಚಿಸಿದ್ದೇನೆ. ಪದೇ ಪದೇ ಬರುವ ಪದವಾದ್ದರಿಂದ ಕೈಯಾರೆ ಒಡೆಯುವುದು ಅಸಾಧ್ಯ. ದಯವಿಟ್ಟು ಬೇಗ ಪರಿಹಾರ ತಿಳಿಸಿ.

ಅಚ್ಚುಮೊಳೆ: ಇದು ಅಕ್ಷರ ಸಂಕೇತೀಕರಣದ ದೋಷ. ಹಳೆಯ ಓಟಿ1 ಎಂಬ ಸಂಕೇತೀಕರಣ ಕ್ರಮದಲ್ಲಿ ಉಮ್ಲೌಟ್ ಅಕ್ಷರ (ಮೇಲೆ ಎರಡು ಚುಕ್ಕಿಯಿರುವ ಸ್ವರ) ಬಂದೊಡನೆ ಅದರ ಮುಂದಿನ ಭಾಗ ಒಡೆಯುವುದಿಲ್ಲ. ಅದರ ಬದಲು ಹೊಸ ಕ್ರಮವಾದ ಟಿ1 ಬಳಸಿರಿ.

ಪದಬಂಧು: ಈ ಪದದಲ್ಲಿ ಉಮ್ಲೌಟ್ ಎಲ್ಲಿದೆ? ಜರ್ಮನ್ನಿನಲ್ಲಿ ಮೊದಲು ಸಮಾಸದ ಗಡಿಯನ್ನೂ ಆಮೇಲೆ ಉಚ್ಚಾರಾಂಶವನ್ನೂ ನೋಡಬೇಕು. ‘ವೇಗವನ್ನು ಅವಲಂಬಿಸಿದ’ ಎಂಬರ್ಥದ ವಿಶೇಷಣವನ್ನು ಗೆ-ಶ್ವಿನ್-ಡಿಗ್-ಕೈಟ್ಸ್-ಆಬ್-ಹೆನ್-ಗಿಗ್ ಎಂದು ಒಡೆಯುತ್ತೇವೆ. ಬೆಸುಗೆಯ ‘ಸ್’ ಹಿಂದಿನ ಪದಕ್ಕೇ ಸೇರುವುದರಿಂದ ಅದು ‘ಆಬ್’ ಕಡೆಗೆ ಸರಿಯದು, ಆದರೆ ಸ್ವರದಿಂದ ಆರಂಭವಾಗುವ ‘ಇಗ್’ ಪ್ರತ್ಯಯ ಮಾತ್ರ ಧಾತುವಿನ ಕೊನೆಯ ‘ಗ್’ ಅನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ.

ಹಳೆಮುದ್ರಕ: 1996ರ ಕಾಗುಣಿತ ಸುಧಾರಣೆಗೆ ಮೊದಲು ‘ಸ್ಟ್’ ಜೋಡಿಯನ್ನು ಬೇರ್ಪಡಿಸುವಂತಿರಲಿಲ್ಲ, ಕಿಟಕಿ ಎಂಬರ್ಥದ ಪದ ಆಗ ಫೆನ್-ಸ್ಟರ್, ಈಗ ಫೆನ್ಸ್-ಟರ್. ತಾವು ಹಳೆಯ ನಿಯಮವನ್ನು ಆರಿಸಿರಬಹುದು.

ಪದಬಂಧು: ಈ ಪದದಲ್ಲಿ ‘ಸ್ಟ್’ ಜೋಡಿಯೇ ಇಲ್ಲ, ಹಳೆಮುದ್ರಕರೇ.

ಅಚ್ಚುಮೊಳೆ: ಏನೇ ಇರಲಿ, ಟಿ1 ಹಾಕದೆ ಜರ್ಮನ್ ಅಚ್ಚಿಸುವುದು ತಪ್ಪು.

ಪ್ರಬಂಧಕಾರ: ನಾನು ಬಳಸುವುದು ಝೀಲೇಟೆಕ್ (ಲೇಟೆಕ್‌ನ ಯೂನಿಕೋಡ್ ರೂಪ) ಮತ್ತು ಪಾಲಿಗ್ಲಾಸಿಯಾ (ಭಾಷೆಗಳ ನಿಯಮಗಳನ್ನು ಒದಗಿಸುವ ಪ್ಯಾಕೇಜ್), ಅಲ್ಲಿ ಟಿ1ರ ಅಗತ್ಯವಿಲ್ಲ. ಉಳಿದ ಉದ್ದ ವಿಶೇಷಣಗಳು ಸರಿಯಾಗಿಯೇ ಒಡೆಯುತ್ತಿವೆ. ಇದರ ಎರಡು ಭಾಗಗಳ ನಡುವೆ ಎಂದಿನಂತೆ ಹೈಫನ್ ಇದೆ, ಅಷ್ಟೆ.

ಪದಬಂಧು: ಆ ಹೈಫನ್ನೇ ಕಾರಣ. ಪದದೊಳಗೆ ಹೈಫನ್ ಕಂಡರೆ ಲೇಟೆಕ್‌ಗೆ ಆಧಾರವಾದ ಟೆಕ್ ಅಲ್ಲಿ ಮಾತ್ರ ಒಡೆಯುತ್ತದೆ, ಎರಡೂ ಬದಿಯ ಉಚ್ಚಾರಾಂಶಗಳನ್ನು ಮುಟ್ಟುವುದಿಲ್ಲ. ಹೈಫನ್ನಿನ ಬದಲು ಜೋಡಿ ಉದ್ಧರಣ ಚಿಹ್ನೆಯನ್ನೂ ಅದರ ಬೆನ್ನಿಗೆ ಸಮಚಿಹ್ನೆಯನ್ನೂ, ಅಂದರೆ "= ಎಂದು ಬರೆಯಿರಿ. ಪಾಲಿಗ್ಲಾಸಿಯಾದಲ್ಲಿ ಜರ್ಮನ್ ಭಾಷೆಗೆ ಇಂಥ ಸಂಕ್ಷಿಪ್ತ ಚಿಹ್ನೆಗಳನ್ನು ಗುರುತಿಸುವ ಬೇಬಲ್‌ಶಾರ್ಟ್‌ಹ್ಯಾಂಡ್ಸ್ ಆಯ್ಕೆಯನ್ನು ಸಕ್ರಿಯಗೊಳಿಸದಿದ್ದರೆ ಆ ಚಿಹ್ನೆಗಳೇ ಅಚ್ಚಾಗಿಬಿಡುತ್ತವೆ.

ಪ್ರಬಂಧಕಾರ: ಈಗ ಒಡೆಯುತ್ತಿದೆ, ಕೃತಜ್ಞತೆಗಳು. ಆದರೆ ಒಂದು ಕಡೆ ‘ವಿಸ್’ ಆದ ಮೇಲೆ ತುಂಡಾಗುತ್ತಿದೆ. ‘ನಟೂರ್’ ಆದ ಮೇಲೆ, ಸಮಾಸದ ಗಡಿಯಲ್ಲೇ ಒಡೆದರೆ ಓದುವವರಿಗೆ ಅರ್ಥ ಬೇಗ ಹೊಳೆಯುತ್ತದೆ. ಒಂದು ಸಾಲಿಗಷ್ಟೇ ಹಾಗೆ ಮಾಡಬಹುದೇ?

ಅಚ್ಚುಮೊಳೆ: ಟಿ1 ಇದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.